ವಾರಕ್ಕೊಮ್ಮೆ ಬರುವ ಸಿಸ್ಟರ್: ಸಯನ್–ಧಾರಾವಿ ಕಡೆಯ ಒಂದು ಶಾಲಾ ಆರೋಗ್ಯ ಸೇವೆ ಹೇಗಿದೆ?

ಮುಂಬೈಯ ಕನ್ನಡ ಮಾಧ್ಯಮ ಶಾಲೆಗಳಿಗೆ ಇಲ್ಲಿನ ಸಂಸ್ಥೆಯೊಂದು ಕೊಡುವ ಸೇವೆ ಇದು. ವರ್ಷಕ್ಕೊಮ್ಮೆ ಎಲ್ಲ ಮಕ್ಕಳ ತಪಾಸಣೆ, ಆಮೇಲೆ ವಾರಕ್ಕೊಂದು ದಿನ ಶಾಲೆಯಲ್ಲೇ ನರ್ಸ್. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ, ಅದರಡಿ ಶಾಲೆಗಳಿಗೆ ವರ್ಷಕ್ಕೊಂದು ತಪಾಸಣೆ ಹೇಗೂ ಇದೆ. ಹಾಗಾಗಿ ಕೈಯಿಂದ ದುಡ್ಡು ಹಾಕುವ ಶಾಲೆ ನೋಡಬೇಕಾದದ್ದು ಉಳಿದ ದಿನಗಳ ನರ್ಸ್ ಕೆಲಸವನ್ನು. ಬ್ಯಾನರು, ಫೋಟೊ ಎಲ್ಲ ತಪಾಸಣೆಯ ದಿನಕ್ಕೇ ಮೀಸಲು, ಅದು ಬೇರೆ ಮಾತು.

ತಪಾಸಣೆಯಲ್ಲಿ ದೊಡ್ಡ ಎಡವಟ್ಟು ಕಣ್ಣಿನದು. ಚಾರ್ಟು 6 ಮೀಟರಿನದು, ಕೋಣೆ ಅಷ್ಟುದ್ದ ಇಲ್ಲ. ಮಕ್ಕಳನ್ನು 4 ಮೀಟರಿಗೇ ನಿಲ್ಲಿಸಿ ಓದಿಸಿದರು. ಅಲ್ಲಿಂದ 6/9ರ ಸಾಲು (ಸರಿಯಿರುವ ಕಣ್ಣು 9 ಮೀಟರಿನಿಂದಲೂ ಓದುವ ಸಾಲು) ಓದಿದ ಮಗುವಿನ ನಿಜವಾದ ದೃಷ್ಟಿ 4/9, ಅಂದರೆ 6/13.5. ಕನ್ನಡಕ ಬೇಕಾದ ಮಗು ಪಾಸಾಗಿಬಿಡುತ್ತದೆ. ಕಾರಿಡಾರಿನಲ್ಲಿ ನೆಲಕ್ಕೆ ಟೇಪ್ ಅಂಟಿಸಿ 6 ಮೀಟರು ಗುರುತಿಸಬಹುದಿತ್ತು, ಅಥವಾ 3 ಮೀಟರಿನ ಚಾರ್ಟನ್ನೇ ತರಬಹುದಿತ್ತು. ಮೇಲಾಗಿ ಅದು ಇಂಗ್ಲಿಷ್ ಅಕ್ಷರಗಳ ಚಾರ್ಟು. ಒಂದನೇ ತರಗತಿಯ ಕನ್ನಡದ ಮಗು ಅಕ್ಷರ ಗೊತ್ತಿಲ್ಲದೆ ಸುಮ್ಮನಾದರೆ ಕಣ್ಣೇ ಮಂದ ಎಂದು ಬರೆದುಕೊಳ್ಳುತ್ತಾರೆ. ಸಾಲಿನಲ್ಲಿ ಹಿಂದೆ ನಿಂತವರಿಗೆ ಅಷ್ಟರಲ್ಲಿ ಇಡೀ ಚಾರ್ಟು ಬಾಯಿಪಾಠ. ನಾಲ್ಕು ದಿಕ್ಕಿಗೆ ತಿರುಗಿದ ಇಂಗ್ಲಿಷ್ 'E' ಆಕಾರದ ಗುರುತಿನ ಚಾರ್ಟು ಇದ್ದರೆ ಮಗು ಬೆರಳಿನಿಂದ ದಿಕ್ಕು ತೋರಿಸಿದರೆ ಸಾಕು. ಕಣ್ಣನ್ನು ಅಂಗೈ ಬಟ್ಟಲು ಮಾಡಿ ಮುಚ್ಚಬೇಕು. ಬೆರಳುಗಳಿಂದ ಮುಚ್ಚಿದರೆ ಸಂದಿಯಲ್ಲಿ ನೋಡುತ್ತಾರೆ, ಒತ್ತಿ ಹಿಡಿದರೆ ಆ ಕಣ್ಣಿನ ಸರದಿ ಬಂದಾಗ ಮಸುಕಾಗಿರುತ್ತದೆ.

ಎತ್ತರದ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಟೈಲ್ ಮುಂದೆ ಚಾಚಿರುವುದರಿಂದ ಹಿಮ್ಮಡಿ ಗೋಡೆಗೆ ತಾಗುವುದಿಲ್ಲ, ಮಗು ಹಿಂದಕ್ಕೆ ವಾಲುತ್ತದೆ. ಬಾಗಿಲ ಪಕ್ಕದ ಕಂಬ ವಾಸಿ. ತೂಕ ಸರಿಯಾಗಿಯೇ ಆಯಿತು.

ಹಿಮೋಗ್ಲೋಬಿನ್ ಪರೀಕ್ಷೆಗೆ ಪೂರ್ತಿ ಅಂಕ. ಉಂಗುರ ಬೆರಳಿನ ಪಕ್ಕಕ್ಕೆ ಚುಚ್ಚುವುದು, ಸ್ಪಿರಿಟ್ ಒಣಗುವವರೆಗೆ ಕಾಯುವುದು, ಮೊದಲ ಹನಿ ಒರೆಸಿಬಿಡುವುದು, ಬೆರಳು ಹಿಂಡದಿರುವುದು, ಒಂದೂ ತಪ್ಪಲಿಲ್ಲ. ಹಿಂಡಿದರೆ ಅಂಗಾಂಶದ ನೀರು ಬೆರೆತು ರಕ್ತ ತೆಳುವಾಗುತ್ತದೆ, ಅಂಕಿ ಸುಳ್ಳಾಗಿ ಇಳಿಯುತ್ತದೆ. ಮುಂಬೈ ಮಳೆಗಾಲದ ತೇವಕ್ಕೆ ರಕ್ತದ ಹನಿ ಹಾಕುವ ಸ್ಟ್ರಿಪ್ಪಿನ ಡಬ್ಬಿ ತೆರೆದಿಟ್ಟರೆ ಕೆಟ್ಟಿತೆಂದೇ ಲೆಕ್ಕ. ಸಿಸ್ಟರ್ ಪ್ರತಿ ಸಲ ಮುಚ್ಚಳ ಹಾಕುತ್ತಿದ್ದರು.

ವಾರದ ಭೇಟಿಯೇ ಈ ಸೇವೆಯ ಜೀವ. ಕಬ್ಬಿಣದ ಮಾತ್ರೆ ವಾರಕ್ಕೊಂದು: ಚಿಕ್ಕವರಿಗೆ 45 ಮಿಲಿಗ್ರಾಂ ಕಬ್ಬಿಣದ ಗುಲಾಬಿ, ಹತ್ತು ದಾಟಿದವರಿಗೆ 60 ಮಿಲಿಗ್ರಾಂನ ನೀಲಿ. ಬಿಸಿಯೂಟ ಆದ ಮೇಲೆ, ಎದುರಿಗೇ ನುಂಗಿಸುತ್ತಾರೆ. ಮಲ ಕಪ್ಪಗಾಗುತ್ತದೆ, ಹೆದರಬೇಡಿ ಎಂದು ತಾಯಂದಿರಿಗೆ ಮೊದಲೇ ಹೇಳಿದ್ದರು. ಅದೊಂದು ಮಾತು ಹೇಳದೆ ಎಷ್ಟೋ ಶಾಲೆಗಳಲ್ಲಿ ಮಾತ್ರೆ ಎರಡನೇ ವಾರಕ್ಕೇ ನಿಂತುಹೋಗುತ್ತದೆ. ಜಂತುಹುಳದ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರ ಗೊಂದಲ. ಫೆಬ್ರವರಿ 10ರ ರಾಷ್ಟ್ರೀಯ ಜಂತುಹುಳ ನಿವಾರಣಾ ದಿನದಂದು ಸರ್ಕಾರದ ಮಾತ್ರೆ ಬರುತ್ತದೆ, ಸಂಸ್ಥೆಯದ್ದೂ ಅದೇ ತಿಂಗಳು. ತರಗತಿಯ ಹಾಜರಿ ಪುಸ್ತಕದಲ್ಲೇ ಗುರುತು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಒಂದೇ ಮಗುವಿಗೆ ಎರಡು ಸಲ ಬೀಳುತ್ತದೆ.

ಕಜ್ಜಿಯ ವಿಷಯದಲ್ಲಿ ಸೇವೆ ಸೋತಿದೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ರಾತ್ರಿ ಹೆಚ್ಚುವ ತುರಿಕೆ ಕಂಡರೆ ಮಗುವಿಗೊಂದು ಪರ್ಮೆಥ್ರಿನ್ 5% ಮುಲಾಮಿನ ಟ್ಯೂಬ್ ಕೊಟ್ಟು ಕಳಿಸುತ್ತಾರೆ. ಒಂದೇ ಖೋಲಿಯಲ್ಲಿ ಆರು ಜನ ಮಲಗುವಾಗ ಒಬ್ಬರಿಗೆ ಹಚ್ಚಿ ಏನು ಬಂತು? ಮನೆಯವರೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿಕೊಳ್ಳಬೇಕು, ಬೆಳಿಗ್ಗೆ ತೊಳೆಯಬೇಕು, ವಾರ ಬಿಟ್ಟು ಇನ್ನೊಮ್ಮೆ. ದೊಡ್ಡವರೊಬ್ಬರಿಗೇ ಸಲಕ್ಕೆ 30 ಗ್ರಾಂ ಹಿಡಿಯುತ್ತದೆ. ಟ್ಯೂಬುಗಳ ಲೆಕ್ಕ ಮನೆಮಂದಿಯ ಲೆಕ್ಕದಲ್ಲಿರಬೇಕು.

ದೊಡ್ಡಾಸ್ಪತ್ರೆಗೆ ಬರೆದುಕೊಡುವ ಚೀಟಿ ಇಂಗ್ಲಿಷಿನಲ್ಲಿದೆ. ನಾಕಾ ಕೆಲಸಕ್ಕೆ (ರಸ್ತೆ ಕೂಡುವಲ್ಲಿ ನಿಂತು ಸಿಕ್ಕ ದಿನಗೂಲಿಗೆ) ಹೋಗುವ ಕಲಬುರಗಿ ಕಡೆಯ ತಂದೆತಾಯಿಗೆ ಅದರಿಂದ ಉಪಯೋಗವಿಲ್ಲ. "ಕೆಲಸ ಬಿಟ್ಟು ಹ್ಯಾಂಗ ಹೋಗ್ಲಿ ಸಿಸ್ಟರ್, ಒಂದಿನದ ಪಗಾರ ಹೋಗ್ತದ್ರೀ" ಎನ್ನುವವರಿಗೆ ಯಾವ ವಾರ, ಯಾವ ಓಪಿಡಿ, ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಚೀಟಿ) ಎಲ್ಲಿ ಮಾಡಿಸಬೇಕು ಎಂಬಷ್ಟನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಬೇಕು. ಈಗಿನ ಸಿಸ್ಟರ್ ಅದನ್ನು ಚೀಟಿಯ ಹಿಂದೆ ಕೈಯಲ್ಲೇ ಬರೆಯುತ್ತಾರೆ, ಮುಂದಿನ ವಾರ ಹೋದಿರಾ ಎಂದು ಫೋನೂ ಮಾಡುತ್ತಾರೆ. ಇದು ಅವರ ಒಳ್ಳೆಯತನ, ಕರಾರಿನಲ್ಲಿಲ್ಲ. ಅವರು ಬಿಟ್ಟುಹೋದ ದಿನ ಇದೂ ಹೋಗುತ್ತದೆ.

ಐದಕ್ಕೆ ಮೂರೂವರೆ. ಸಹಿ ಹಾಕುವ ಮೊದಲು ಮೂರು ಸಂಗತಿ ಬರೆಸಿಕೊಳ್ಳಿ: ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ ನೋಂದಣಿ ಇರುವ, ಕನ್ನಡವೂ ಮರಾಠಿಯೂ ಬರುವ ನರ್ಸ್, ರಜೆ ಹಾಕಿದರೆ ಬದಲಿ, ಫಾಲೋಅಪ್ ರಿಜಿಸ್ಟರ್ ಶಾಲೆಯ ಕಪಾಟಿನಲ್ಲೇ ಉಳಿಯುವುದು. ಮೂರನೆಯದಕ್ಕೆ ಸಂಸ್ಥೆಯವರು ಸ್ವಲ್ಪ ಗೊಣಗುತ್ತಾರೆ, ಬಿಡಬೇಡಿ.