ಮಡಿಕೇರಿಯ ಬೂಟಿನಂಗಡಿ: ತರಬೇತಿಗೆ ಹೊರಡುವ ಮುನ್ನ

ಚೆನ್ನೈನ ಸೇನಾಧಿಕಾರಿಗಳ ತರಬೇತಿ ಅಕಾಡೆಮಿಗೆ ಹೊರಡುವ ಒಂದು ತಿಂಗಳ ಮೊದಲು, ಜನರಲ್ ತಿಮ್ಮಯ್ಯನವರು 1906ರಲ್ಲಿ ಹುಟ್ಟಿದ ಮಡಿಕೇರಿಯ ಚಿಕ್ಕ ಅಂಗಡಿಯೊಂದರಲ್ಲಿ ಕಪ್ಪು ಚರ್ಮದ ಬೂಟು ಕೊಂಡಿದ್ದೆ. ನಿವೃತ್ತ ಹವಾಲ್ದಾರರಾದ ಮಾಲೀಕರು, ಸಂಜೆಗೆ ಪಾದ ಕೊಂಚ ಊದಿಕೊಳ್ಳುತ್ತದೆಂದು ಆ ಹೊತ್ತಿಗೇ ಬರಹೇಳಿ, ದಪ್ಪ ಉಣ್ಣೆಯ ಕಾಲುಚೀಲ ತೊಡಿಸಿ, ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ಅಳತೆ ನೋಡಿದರು. "ಹೊಸ ಬೂಟಿನಲ್ಲಿ ಅಲ್ಲಿಗೆ ಹೋಗಬೇಡ ಮಗಾ, ಕಾಫಿ ತೋಟದ ಏರಿನಲ್ಲಿ ದಿನವೂ ನಡೆದು ಪಳಗಿಸು" ಎಂದರು. ಓಟ, ಕವಾಯತುಗಳ ಮೊದಲ ವಾರದಲ್ಲೇ ಹಲವು ಜೊತೆಗಾರರ ಹಿಮ್ಮಡಿಯಲ್ಲಿ ಬೊಬ್ಬೆಯೆದ್ದು ಒಡೆದು ಕಾಲುಚೀಲಕ್ಕೆ ಅಂಟಿಕೊಂಡಾಗ, ನಿದ್ದೆಗೆಟ್ಟು ದಣಿದಿದ್ದ ನನ್ನನ್ನು ನಿಲ್ಲಿಸಿದ್ದು ಗಾಯವಿಲ್ಲದ ಈ ಪಾದಗಳೇ. ಲೇಸು ಮಾತ್ರ ತೀರಾ ತೆಳು, ಹತ್ತೇ ದಿನಕ್ಕೆ ತುಂಡಾಯಿತು. ಕೊಳ್ಳುವವರು ಎರಡು ಜೊತೆ ಹೆಚ್ಚಿಗೆ ಕೇಳಿ ಪಡೆಯಬೇಕು.