ಬೆಲ್ಟಿನಿಂದ ಕಟ್ಟುವ ಮಕ್ಕಳ ಕಾರ್ ಸೀಟು: ಮೂರು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ಮಗಳು ಕೈಗೂಸಾಗಿದ್ದಾಗ ಕೊಂಡ ಸೀಟು ಇದು. ಈಗ ಅವಳಿಗೆ ನಾಲ್ಕು ತುಂಬುತ್ತಾ ಬಂತು, ಇನ್ನೂ ಅದರಲ್ಲೇ ಕೂರುತ್ತಾಳೆ. ಹುಟ್ಟಿದಾಗಿನಿಂದ 18 ಕೆಜಿ ತನಕ ಬರುತ್ತದೆ. ಮೊದಲು ಹಿಮ್ಮುಖವಾಗಿ, ಅಂದರೆ ಮಗುವಿನ ಮುಖ ಕಾರಿನ ಹಿಂಬದಿಗೆ ಇರುವ ಹಾಗೆ, ಆಮೇಲೆ ಮುಮ್ಮುಖವಾಗಿ ಕೂರಿಸಬಹುದು. ಕಾರಿನ ಸೀಟ್ ಬೆಲ್ಟಿನಿಂದಲೇ ಕಟ್ಟುವುದು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಈ ಬಗೆಯ ಸೀಟನ್ನು ಹಲವು ಕಂಪನಿಗಳು ಮಾರುತ್ತವೆ, ನಾನು ಹೇಳುವುದರಲ್ಲಿ ಹೆಚ್ಚಿನದು ಎಲ್ಲಕ್ಕೂ ಹೊಂದುತ್ತದೆ. ಸೀಟು ನನಗೆ ಇಷ್ಟವಾಗಿದೆ. ಆದರೆ ಸಡಿಲವಾಗಿ ಕಟ್ಟಿದರೆ ಹತ್ತು ಸಾವಿರದ ಸೀಟನ್ನೂ ನಂಬಬೇಡಿ, ಐವತ್ತು ಸಾವಿರದ್ದನ್ನೂ ನಂಬಬೇಡಿ.

"ತೊಡೆ ಮೇಲೆ ಕೂರಿಸ್ಕೊಂಡ್ರೆ ಆಗಲ್ವಾ, ನಾವೆಲ್ಲ ಹಾಗೇ ಬೆಳೆದಿದ್ದಲ್ವಾ" ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಗುದ್ದಿ ನಿಂತರೆ ಒಳಗಿದ್ದವರಿಗೆ ಆಗುವ ಹೊಡೆತ ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದಷ್ಟು. ಆ ಹೊತ್ತಿನಲ್ಲಿ ಮಗುವನ್ನು ಹಿಡಿದಿಟ್ಟುಕೊಳ್ಳುವ ಕೈ ಯಾರಿಗೂ ಇಲ್ಲ, ಅದು ಎಷ್ಟು ಪ್ರೀತಿಯ ಕೈಯಾದರೂ. ಇದನ್ನು ಹೇಳಿದ ಮೇಲೆ ನಮ್ಮ ಮನೆಯಲ್ಲಿ ವಾದ ನಿಂತಿತು. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಸೆಕ್ಷನ್ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ಅದಕ್ಕಾಗಿ ಯಾರನ್ನೂ ನಿಲ್ಲಿಸಿದ್ದು ನಾನು ನೋಡಿಲ್ಲ, ಆ ಮಾತು ಬೇರೆ.

ಐಸೋಫಿಕ್ಸ್ ಬಿಟ್ಟು ಬೆಲ್ಟಿನದ್ದು ಯಾಕೆ ತಗೊಂಡ್ರಿ ಅಂತ ತುಂಬಾ ಜನ ಕೇಳುತ್ತಾರೆ. ಐಸೋಫಿಕ್ಸ್ ಅಂದರೆ ಹಿಂದಿನ ಸೀಟಿನ ಸಂದಿಯಲ್ಲಿರುವ ಎರಡು ಕಬ್ಬಿಣದ ಕೊಂಡಿಗಳು. ಸೀಟನ್ನು ಅದಕ್ಕೆ ಚುಚ್ಚಿದರೆ ಟಕ್ ಅಂತ ಕೂರುತ್ತದೆ, ಹಸಿರು ಗುರುತು ಕಾಣುತ್ತದೆ, ತಪ್ಪು ಕಟ್ಟುವ ಸಾಧ್ಯತೆ ಕಡಿಮೆ. ನಿಮ್ಮ ಕಾರಿನಲ್ಲಿ ಕೊಂಡಿ ಇದ್ದು, ಸೀಟು ಒಂದೇ ಕಾರಿನಲ್ಲಿ ಇರುವುದಾದರೆ ಅದನ್ನೇ ತಗೊಳ್ಳಿ. ನಮ್ಮದು ಹಾಗಲ್ಲ. ಬೆಂಗಳೂರಿನಲ್ಲಿ ಒಂದು ಕಾರು, ತೀರ್ಥಹಳ್ಳಿಯಲ್ಲಿ ಅಪ್ಪನ ಹಳೇ ಕಾರು, ನಡುವೆ ಟ್ಯಾಕ್ಸಿ. ಬೆಲ್ಟಿನ ಸೀಟು ಮೂರಕ್ಕೂ ಆಗುತ್ತದೆ. ಆದರೆ ಹೆಗಲ ಮೇಲೂ ಬರುವ ಮೂರು ಬಿಂದುವಿನ ಬೆಲ್ಟೇ ಬೇಕು. ಹಳೇ ಕಾರುಗಳ ಹಿಂದಿನ ನಡುವಿನ ಜಾಗದಲ್ಲಿ ಸೊಂಟಕ್ಕೆ ಮಾತ್ರ ಬರುವ ಬೆಲ್ಟ್ ಇರುತ್ತದಲ್ಲ, ಅದರಿಂದ ಈ ಸೀಟು ಕಟ್ಟುವ ಹಾಗಿಲ್ಲ. ಕೊಳ್ಳುವ ಮೊದಲು ಬೆಲ್ಟಿನ ಉದ್ದವನ್ನೂ ನೋಡಿ. ಹಿಮ್ಮುಖ ಕಟ್ಟುವಾಗ ಬೆಲ್ಟು ಇಡೀ ಸೀಟನ್ನು ಸುತ್ತಿ ಬರಬೇಕು, ಕೆಲವು ಸಣ್ಣ ಕಾರುಗಳಲ್ಲಿ ಅದು ಸಾಲುವುದೇ ಇಲ್ಲ.

ಈಗ ಕಟ್ಟುವ ವಿಷಯ. ಇದನ್ನೇ ಬಿಡಿಸಿ ಬರೆಯಬೇಕು ಅಂತ ಕೂತಿದ್ದೇನೆ. ನಾವು ಇಡುವುದು ಹಿಂದಿನ ಎಡಗಡೆ ಸೀಟಿನಲ್ಲಿ, ಫುಟ್‌ಪಾತ್ ಕಡೆಯಿಂದ ಮಗುವನ್ನು ಇಳಿಸಬಹುದು, ಗಾಡಿಗಳ ಮಧ್ಯೆ ನಿಲ್ಲಬೇಕಿಲ್ಲ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇರುವಾಗ ಹಿಮ್ಮುಖ ಸೀಟು ಇಡಲೇಬಾರದು, ಅದು ಸಿಡಿದರೆ ನೇರ ಮಗುವಿನ ತಲೆಯ ಹಿಂದಕ್ಕೇ ಬಡಿಯುತ್ತದೆ. ಸೀಟಿನ ಮೇಲೆ ಬೆಲ್ಟ್ ಹೋಗುವ ದಾರಿಗೆ ಬಣ್ಣ ಇರುತ್ತದೆ: ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಬೆಲ್ಟ್ ತಿರುಚದ ಹಾಗೆ ಆ ದಾರಿಯಲ್ಲೇ ದಾಟಿಸಿ, ಬಕಲ್ ಹಾಕಿ, ಆಮೇಲೆ ಒಂದು ಕೈಯಲ್ಲಿ ಸೀಟನ್ನು ಮೈಭಾರ ಹಾಕಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬೆಲ್ಟ್ ಎಳೆಯಬೇಕು, ಸುಮ್ನೆ ಎಳೆದರೆ ಬಿಗಿ ಬರುವುದಿಲ್ಲ. ಕೊನೆಗೆ ಬೆಲ್ಟ್ ಹಾದುಹೋದ ಜಾಗದಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಯಾವ ಕಡೆಗೂ ಎರಡೂವರೆ ಸೆಂಟಿಮೀಟರ್‌ಗಿಂತ ಜಾಸ್ತಿ ಜರುಗಬಾರದು. ಬೆನ್ನಿನ ತುದಿ ಹಿಡಿದು ಅಲ್ಲಾಡಿಸಿದರೆ ಹಿಮ್ಮುಖ ಸೀಟು ಸ್ವಲ್ಪ ಆಡುತ್ತದೆ, ಅದಕ್ಕೆ ಗಾಬರಿ ಬೇಡ. ಒಂದು ಸಲ ಕಟ್ಟಿ ಮರೆಯುವುದೂ ಅಲ್ಲ. ನಮ್ಮ ಹಂಪ್ ಮತ್ತು ಗುಂಡಿಗಳ ಮೇಲೆ ಓಡಿದ ಮೇಲೆ ಬೆಲ್ಟ್ ಸಡಿಲವಾಗಿದೆಯಾ ಅಂತ ನಾನು ಹೊರಡುವ ಮೊದಲು ಪ್ರತಿ ಸಲ ನೋಡುತ್ತೇನೆ.

ಸೀಟಿನೊಳಗಿನ ಪಟ್ಟಿ ಇನ್ನೊಂದು ವಿಷಯ. ಹಿಮ್ಮುಖವಾಗಿದ್ದಾಗ ಹೆಗಲ ಪಟ್ಟಿ ಹೆಗಲಿನ ಮಟ್ಟಕ್ಕೆ ಅಥವಾ ತುಸು ಕೆಳಗಿನಿಂದ ಬರಬೇಕು, ಮುಮ್ಮುಖವಾದರೆ ಹೆಗಲಿನ ಮಟ್ಟಕ್ಕೆ ಅಥವಾ ತುಸು ಮೇಲಿನಿಂದ. ಬಿಗಿ ಮಾಡಿ ಹೆಗಲ ಮೂಳೆಯ ಹತ್ತಿರ ಪಟ್ಟಿಯನ್ನು ಬೆರಳಲ್ಲಿ ಚಿವುಟಿ. ಮಡಿಕೆ ಸಿಕ್ಕಿದರೆ ಇನ್ನೂ ಸಡಿಲ ಇದೆ ಅಂತಲೇ. ದಪ್ಪ ಸ್ವೆಟರ್ ಹಾಕಿ ಕಟ್ಟಬೇಡಿ, ಪಟ್ಟಿ ಬಿಗಿ ಇದ್ದ ಹಾಗೆ ಕಾಣುತ್ತದೆ, ಗುದ್ದಿದಾಗ ಉಣ್ಣೆ ಅಮುಕಿ ಜಾಗ ಬಿಡುತ್ತದೆ. ಊರಿನ ಡಿಸೆಂಬರ್ ಚಳಿಗೆ ನಾವು ಮೊದಲು ಪಟ್ಟಿ ಕಟ್ಟಿ, ಮೇಲಿನಿಂದ ಶಾಲು ಹೊದಿಸುತ್ತಿದ್ದೆವು.

9 ಕೆಜಿ ಆದರೆ ಮುಮ್ಮುಖ ತಿರುಗಿಸಬಹುದು ಅಂತ ಮ್ಯಾನ್ಯುಯಲ್ ಹೇಳುತ್ತದೆ. ನಾವು ತಿರುಗಿಸಲಿಲ್ಲ, ಹಿಮ್ಮುಖದ ಮಿತಿಯಾದ 13 ಕೆಜಿ ಮುಟ್ಟುವ ತನಕ ಹಾಗೇ ಬಿಟ್ಟೆವು. ಎಳೆ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತು ಬಲಿತಿರುವುದಿಲ್ಲ. ಹಿಮ್ಮುಖವಾಗಿದ್ದರೆ ಹೊಡೆತ ಬೆನ್ನಿನ ತುಂಬಾ ಹರಡುತ್ತದೆ, ಮುಮ್ಮುಖವಾದರೆ ತಲೆ ಮುಂದಕ್ಕೆ ಎಸೆದು ಕತ್ತು ಎಳೆಯುತ್ತದೆ. ಯುರೋಪಿನ ಹೊಸ ನಿಯಮ ಆರ್129 ಕೂಡ 15 ತಿಂಗಳಿಗಿಂತ ಮೊದಲು ತಿರುಗಿಸಲು ಬಿಡುವುದಿಲ್ಲ. "ಕಾಲು ಮಡಚಿಕೊಂಡು ಕೂತಿದೆ ಪಾಪ" ಅಂತ ಅತ್ತೆಗೆ ಸಂಕಟ. ಮಗಳಿಗೆ ಅದರ ಪರಿವೇ ಇರಲಿಲ್ಲ, ಚಕ್ಕಲಮಕ್ಕಲ ಹಾಕಿ ನಿದ್ದೆ ಹೊಡೆಯುತ್ತಿದ್ದಳು.

ಇನ್ನು ದೂರುಗಳು. ಹಿಮ್ಮುಖ ಇಟ್ಟರೆ ಮುಂದಿನ ಸೀಟನ್ನು ಡ್ಯಾಶ್‌ಬೋರ್ಡ್ ಹತ್ತಿರಕ್ಕೆ ಸರಿಸಬೇಕು, ಉದ್ದ ಕಾಲಿನವರಿಗೆ ಕಷ್ಟ. ಬೇಸಿಗೆಯಲ್ಲಿ ಬಕಲ್‌ನ ಲೋಹ ಸುಡುತ್ತದೆ, ಬಿಸಿಲಲ್ಲಿ ನಿಲ್ಲಿಸಿದರೆ ಮೇಲೆ ಬಿಳಿ ಬಟ್ಟೆ ಹಾಕಿ ಹೋಗುತ್ತೇವೆ. ಬಟ್ಟೆ ದಪ್ಪ, ಬೆನ್ನು ಬೆವರುತ್ತದೆ. ಕೋಡುಬಳೆ, ಬಿಸ್ಕತ್ತಿನ ಪುಡಿ ಬಕಲ್‌ಗೆ ಸೇರಿ ಒಮ್ಮೆ ಕ್ಲಿಕ್ ಆಗುವುದೇ ನಿಂತಿತು. ಬಿಚ್ಚಿ, ಬರೀ ಬೆಚ್ಚನೆ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಸರಿಯಾಯಿತು. ಎಣ್ಣೆ ಬಿಡಬೇಡಿ, ಪಟ್ಟಿಗಳನ್ನು ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಿಜವಾಗಿ ಸಿಟ್ಟು ಬಂದಿದ್ದು ಹೆಗಲ ಪಟ್ಟಿಯ ಮೆತ್ತೆ ಕೇಳಿದಾಗ. ಕಂಪನಿಯವರು ತಿಂಗಳುಗಟ್ಟಲೆ ಕಾಯಿಸಿ ಸ್ಟಾಕ್ ಇಲ್ಲ ಅಂದರು. ಮ್ಯಾನ್ಯುಯಲ್ ಕನ್ನಡದಲ್ಲಿ ಇಲ್ಲ. ಅಪ್ಪನಿಗೆ ನಾನೇ ಚಿತ್ರ ಬರೆದು ಅಂಟಿಸಿ ಕೊಟ್ಟಿದ್ದೇನೆ.

ಕೊಳ್ಳುವವರು ಸೀಟಿನ ಮೇಲೆ ಕಿತ್ತಳೆ ಬಣ್ಣದ ಚೀಟಿ, ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ 'E' ಅಕ್ಷರ ಮತ್ತು ಒಂದು ಸಂಖ್ಯೆ ಇದೆಯಾ ನೋಡಿ, ಸೀಟು ಸುರಕ್ಷತಾ ಪರೀಕ್ಷೆ ಪಾಸಾಗಿದೆ ಅನ್ನುವ ಗುರುತು ಅದು. ಆನ್‌ಲೈನಿನಲ್ಲಿ ಸಾವಿರ ಚಿಲ್ಲರೆಗೆ ಸಿಗುವ, ಚೌಕಟ್ಟೇ ಇಲ್ಲದ, ಬಟ್ಟೆಗೆ ಪಟ್ಟಿ ಹೊಲಿದ 'ಸೀಟು'ಗಳಲ್ಲಿ ಅದನ್ನು ಹುಡುಕಿ, ಸಿಗದಿದ್ದರೆ ಬಿಟ್ಟುಬಿಡಿ.

ಇನ್ನು ಸ್ವಲ್ಪ ದಿನಕ್ಕೆ ಮಗಳು ಬೂಸ್ಟರ್‌ಗೆ, ಅಂದರೆ ಕಾರಿನ ಬೆಲ್ಟ್ ಮೈಗೆ ಸರಿಯಾಗಿ ಬರುವ ಹಾಗೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟಿಗೆ, ಹೋಗುತ್ತಾಳೆ. ಈ ಸೀಟು ತಂಗಿಯ ಮನೆಗೆ. ಅಪಘಾತ ಕಂಡಿಲ್ಲ, ತಯಾರಾದ ದಿನಾಂಕ ಅಡಿಯಲ್ಲಿ ಅಚ್ಚಾಗಿದೆ, ಕಂಪನಿ ಹೇಳಿದ ಅವಧಿ ಇನ್ನೂ ಮುಗಿದಿಲ್ಲ. ಕೊಡುವ ದಿನ ಅವಳ ಕಾರಿನಲ್ಲಿ ನಾನೇ ನಿಂತು ಒಂದು ಸಲ ಕಟ್ಟಿ, ಬಿಚ್ಚಿ, ಅವಳ ಕೈಯಿಂದ ಕಟ್ಟಿಸಿ ಬರುತ್ತೇನೆ.