ಬ್ರೀಫ್‌ಕೇಸ್ ಗ್ರಿಲ್ಲಾ, ಡ್ರಮ್ಮಾ, ಮುಚ್ಚಳದ ಕೆಟಲ್ಲಾ? ಮೂರೂ ಉಪಯೋಗಿಸಿ ನೋಡಿದ್ಮೇಲೆ

ಚಿಕ್ಕಮಗಳೂರು ಕಡೆ ಈಗ ಯಾವ ಹೋಂಸ್ಟೇಗೆ ಹೋದ್ರೂ ಸಂಜೆ ಆಯ್ತು ಅಂದ್ರೆ ಒಂದ್ಕಡೆ ಕ್ಯಾಂಪ್‌ಫೈರ್, ಇನ್ನೊಂದ್ಕಡೆ ಬಾರ್ಬೆಕ್ಯೂ. ಅದನ್ನ ನೋಡಿ ನೋಡಿ ನಮ್ಮನೇಗೂ ಒಂದಿರ್ಲಿ ಅನ್ನೋರು ಜಾಸ್ತಿ ಆಗಿದಾರೆ, ಎಲ್ರೂ ಕೇಳೋದು ಒಂದೇ, ಯಾವ ಗ್ರಿಲ್ ತಗೊಳ್ಳೋದು ಅಂತ. ನಮ್ಮನೆ ಟೆರೇಸ್ ಮೇಲೆ, ಆಲ್ದೂರು ಹತ್ರ ಭಾವನ ತೋಟದ ಕಣದಲ್ಲಿ, ಹಾಸನದ ಫ್ರೆಂಡ್ ಮನೆ ಹಿತ್ತಲಲ್ಲಿ ಅಂತ ಮೂರು ಥರದ್ದನ್ನೂ ಚೆನ್ನಾಗಿ ಗೋಳು ಹೊಯ್ಕೊಂಡಿದೀನಿ. ಕೆಂಡ ನಮ್ಮ ಮಾತು ಕೇಳೋ ಹಾಗೆ ಮಾಡೋ ಸಾಮಾನಿಗೆ ದುಡ್ಡು ಹಾಕಿ, ಮಿಕ್ಕಿದ್ದೆಲ್ಲ ಶೋಕಿ. ಯಾಕೆ ಅಂತ ಹೇಳ್ತೀನಿ.

ಮೊದಲು ಆ ಬ್ರೀಫ್‌ಕೇಸ್ ಥರ ಮಡಚೋ ಗ್ರಿಲ್. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗತ್ತೆ, ಸ್ಕೂಟರ್ ಮುಂದೆ ಇಟ್ಕೊಂಡು ಹೋಗ್ಬೋದು, ತೊಳೆದು ಅಟ್ಟಕ್ಕೆ ಹಾಕ್ಬೋದು, ಅಷ್ಟರಮಟ್ಟಿಗೆ ಒಳ್ಳೇದು. ಆದ್ರೆ ತಗಡು ತೆಳು, ಜೋರು ಕೆಂಡ ಬಿದ್ರೆ ಸೊಟ್ಟಗಾಗತ್ತೆ, ಕೆಂಡಕ್ಕೂ ಜಾಲರಿಗೂ ಮಧ್ಯೆ ಜಾಗ ಕಮ್ಮಿ ಇರೋದ್ರಿಂದ ಲೆಗ್ ಪೀಸ್ ಹಾಕಿದ್ರೆ ಹೊರಗೆ ಕರಕಲು, ಮೂಳೆ ಹತ್ರ ಹಸಿ. ಪನ್ನೀರು, ಅಣಬೆ, ಜೋಳ, ಸಣ್ಣ ಬೋನ್‌ಲೆಸ್ ಪೀಸು ಇಂಥ ಬೇಗ ಬೇಯೋ ಐಟಮ್ಮಿಗೆ ಸಾಕು. ಇಬ್ರು ಮೂರು ಜನ ಇರೋ ಮನೇಗೆ ಓಕೆ, ನೆಂಟ್ರು ಬಂದ್ರೆ ಮಾತ್ರ ಕೊನೇ ಟ್ರಿಪ್ ಬೇಯೋ ಹೊತ್ತಿಗೆ ಮೊದಲನೇ ಟ್ರಿಪ್ ತಿಂದೋರು ಎದ್ದು ಹೋಗಿರ್ತಾರೆ.

ಡ್ರಮ್ಮಿನ ಕಥೆ ದೊಡ್ಡದು. 200 ಲೀಟರಿನ ಕಬ್ಬಿಣದ ಡ್ರಮ್ಮನ್ನ ಉದ್ದಕ್ಕೆ ಸೀಳಿಸಿ ಆಂಗಲ್ ಕಾಲು ಕೂರಿಸ್ಕೊಳ್ಳೋದು, ಯಾವ ವೆಲ್ಡಿಂಗ್ ಅಂಗಡಿಯವ್ರಾದ್ರೂ ಮಾಡಿಕೊಡ್ತಾರೆ. ಇಲ್ಲಿ ಎರಡು ವಿಷಯ ಹುಷಾರು. ಒಂದು, ತೋಟದ ಕಡೆ ಔಷಧಿ ಸ್ಪ್ರೇ ಮಾಡೋ ಡ್ರಮ್ಮುಗಳು, ಕೆಮಿಕಲ್ ಬಂದ ಡ್ರಮ್ಮುಗಳು ಗುಜರಿಲಿ ಸಸ್ತಾ ಸಿಗತ್ವೆ, ಅದು ಬೇಡವೇ ಬೇಡ, ಎಷ್ಟು ಸುಟ್ರೂ ಬೇಡ. ಅಡುಗೆ ಎಣ್ಣೆ ಬಂದಿದ್ದು ಅಂತ ಗ್ಯಾರಂಟಿ ಇದ್ರೆ ಮಾತ್ರ ತಗೊಳ್ಳಿ, ಅದನ್ನೂ ಅಡುಗೆಗೆ ಮುಂಚೆ ಒಳಗಡೆ ಸೌದೆ ಒಟ್ಟಿ ಜೋರಾಗಿ ಉರಿಸಿ ಪೇಂಟು, ಜಿಡ್ಡು ಎಲ್ಲ ಸುಟ್ಟು ಉಜ್ಜಬೇಕು. ಇನ್ನೊಂದು ಜಾಲರಿ. ಭಾವನ ಡ್ರಮ್ ಮಾಡಿಸೋಕೆ ಹೋದಾಗ ವೆಲ್ಡಿಂಗ್‌ನವನು ಕೋಳಿಗೂಡಿಗೆ ಹಾಕೋ ಬೆಳ್ಳಗೆ ಹೊಳಿಯೋ ಮೆಶ್ ತೆಗ್ದು, "ಸಾರ್ ಇದು ತುಕ್ಕೇ ಹಿಡಿಯಲ್ಲ, ಇದೇ ಹಾಕ್ಬಿಡ್ಲಾ" ಅಂದ. ತುಕ್ಕು ಹಿಡಿಯಲ್ಲ ನಿಜ, ಮೇಲೆ ಸತುವಿನ ಕೋಟಿಂಗ್ ಇರತ್ತಲ್ಲ, ಆದ್ರೆ ಕೆಂಡದ ಕಾವಿಗೆ ಆ ಕೋಟಿಂಗ್ ಹಾಳಾಗಿ ಸತು ಊಟಕ್ಕೋ ಹೊಗೆಗೋ ಸೇರೋದು ಯಾರಿಗೆ ಬೇಕು. 6 ಎಂಎಂ ಸ್ಟೀಲ್ ರಾಡು ಸಾಲಾಗಿ ವೆಲ್ಡ್ ಮಾಡಿಸಿದ್ವಿ, ಡ್ರಮ್ಮಿಗಿಂತ ಅದಕ್ಕೇ ಜಾಸ್ತಿ ಖರ್ಚಾಯ್ತು, ಆದ್ರೂ ಅದೇ ಸರಿ.

ಡ್ರಮ್ಮಿನ ನಿಜವಾದ ಲಾಭ ಅದರ ಉದ್ದ. ಕೆಂಡ ಎಲ್ಲ ಒಂದು ಅರ್ಧಕ್ಕೆ ತಳ್ಳಿ ಇನ್ನೊಂದರ್ಧ ಖಾಲಿ ಬಿಡ್ಬೋದು, ಮೂಳೆ ಇರೋ ಪೀಸು ಮೊದಲು ಉರಿ ಕಡೆ ಬಣ್ಣ ಬರೋವರ್ಗೂ ಇಟ್ಟು ಆಮೇಲೆ ಖಾಲಿ ಕಡೆಗೆ ಸರಿಸಿದ್ರೆ ನಿಧಾನಕ್ಕೆ ಒಳಗಡೆವರ್ಗೂ ಬೇಯತ್ತೆ. ಇದೊಂದು ಗೊತ್ತಿದ್ರೆ ಅರ್ಧ ಬಾರ್ಬೆಕ್ಯೂ ಕಲ್ತಂಗೆ. ತೊಂದ್ರೆ ಏನಂದ್ರೆ ಇದ್ದಿಲು ವಿಪರೀತ ತಿನ್ನತ್ತೆ, ನಾಲ್ಕು ಜನಕ್ಕೆ ಅಂತ ಹಚ್ಚಿದ್ರೆ ಲಾಸು. ಜೂನ್ ಬಂತು ಅಂದ್ರೆ ನಮ್ಮ ಮಳೆಗೆ ಹೊರಗೆ ಬಿಡೋ ಹಾಗಿಲ್ಲ, ಅದ್ರಲ್ಲೂ ಒಳಗಡೆ ಬೂದಿ ಹಾಗೇ ಇದ್ದು ನೀರು ಬಿದ್ರೆ ತಳ ಬೇಗ ತಿಂದು ಹೋಗತ್ತೆ. ಬೂದಿ ತೆಗಿಯೋದು, ಕೆಳಗೆ ನೀರಿಳಿಯೋಕೆ ತೂತು ಹೊಡೆಸೋದು, ಇಷ್ಟು ಮಾಡ್ಲೇಬೇಕು.

ಮೂರನೇದು ಮುಚ್ಚಳ ಇರೋ ದುಂಡನೆ ಕೆಟಲ್, ಹಾಸನದ ಫ್ರೆಂಡ್ ಹತ್ರ ಇರೋದು. ಇದು ಹುಟ್ಟಿದ್ದೂ ಒಂಥರಾ ವೆಲ್ಡಿಂಗ್ ಅಂಗಡಿಲೇ. 1952ರಲ್ಲಿ ಅಮೆರಿಕದ ಶಿಕಾಗೋ ಕಡೆ ಜಾರ್ಜ್ ಸ್ಟೀಫನ್ ಅನ್ನೋರು, ವೆಬರ್ ಬ್ರದರ್ಸ್ ಅನ್ನೋ ಲೋಹದ ಕಾರ್ಖಾನೆಲಿ ಕೆಲಸ ಮಾಡ್ತಿದ್ದೋರು, ನೀರಲ್ಲಿ ತೇಲಿಬಿಡೋ ಬೋಯಾ ಅರ್ಧ ಕತ್ತರಿಸಿ ಕೆಳಗಿಂದು ಒಲೆ, ಮೇಲಿಂದು ಮುಚ್ಚಳ ಮಾಡಿದ್ರು. ಗಾಳಿಗೆ ಉರಿ ಹಾರೋದು, ಬೂದಿ ಊಟದ ಮೇಲೆ ಬೀಳೋದು ಅವ್ರಿಗೂ ಇದ್ದಿದ್ದೇ ತಲೆನೋವು. ಕೆಳಗೊಂದು ಮೇಲೊಂದು ಗಾಳಿಕಿಂಡಿ, ಅದನ್ನ ತೆರೆದ್ರೆ ಉರಿ ಏರತ್ತೆ, ಅರ್ಧ ಮುಚ್ಚಿದ್ರೆ ಇಳಿಯತ್ತೆ, ಪೂರ್ತಿ ಮುಚ್ಚಿದ್ರೆ ಕೆಂಡ ಆರಿ ಉಳಿದ ಇದ್ದಿಲು ಮುಂದಿನ ಸಲಕ್ಕೆ ಸಿಗತ್ತೆ. ಹಂದಿ ಮಾಂಸ ಸುಡೋರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗತ್ತೆ, ಕೊಬ್ಬು ಕರಗಿ ಕೆಂಡದ ಮೇಲೆ ಬಿದ್ದು ಭಗ್ ಅಂತ ಬೆಂಕಿ ಏಳತ್ತಲ್ಲ, ತೆರೆದ ಡ್ರಮ್ಮಲ್ಲಿ ಆದ್ರೆ ಪೀಸೆಲ್ಲ ಎತ್ತಿ ಓಡ್ಬೇಕು, ಇಲ್ಲಿ ಮುಚ್ಚಳ ಹಾಕಿ ಸುಮ್ನೆ ನಿಂತ್ರೆ ಸಾಕು. ಬೆಲೆ ಮಾತ್ರ ಬ್ರೀಫ್‌ಕೇಸಿನ ಹಲವು ಪಟ್ಟು.

ಟೌನಲ್ಲಿ ನಾಲ್ಕೈದು ಜನರ ಮನೆ ಅಂದ್ರೆ ನಾನು ಕೆಟಲ್ಲಿಗೇ ಓಟು ಹಾಕೋದು. ತೋಟದಲ್ಲಾದ್ರೆ ಡ್ರಮ್ಮೇ, ಆದ್ರೆ ಸೀಳಿದ ಇನ್ನೊಂದು ಅರ್ಧ ಇದ್ಯಲ್ಲ, ಅದನ್ನ ವಾಪಸ್ ಗುಜರಿಗೆ ಕೊಡ್ಬೇಡಿ, ಹಿಂಜು ಹಾಕಿಸಿ ಮುಚ್ಚಳ ಮಾಡಿಸಿ, ಎರಡೂ ಕಡೆ ಕಿಂಡಿ ಬಿಡಿಸಿ ಮುಚ್ಚೋಕೆ ತಗಡು ಇಡ್ಸಿ. ಕೆಟಲ್ಲಿನ ಬುದ್ಧಿ ಡ್ರಮ್ಮಿಗೇ ಬರತ್ತೆ.

ಕೆಂಡ ಹಚ್ಚೋ ವಿಷಯಕ್ಕೆ ನಂಗೂ ಭಾವಂಗೂ ಈಗ್ಲೂ ಜಗಳ. ಅವ್ರದು ಸೀಮೆಎಣ್ಣೆ ಪಾರ್ಟಿ, ಜೊತೆಗೆ ಟೇಬಲ್ ಫ್ಯಾನು. "ಲೋ, ನಮ್ಮಜ್ಜಿ ಊದುಗೊಳವೆಲೇ ಊರಿಗೆಲ್ಲ ಅಡುಗೆ ಮಾಡಿಲ್ವೇನೋ, ನಿಂಗೆ ಅದಕ್ಕೂ ಒಂದು ಡಬ್ಬಾ ಬೇಕಾ" ಅಂತಾರೆ. ಡಬ್ಬಾ ಅಂದ್ರೆ ಚಿಮಣಿ ಸ್ಟಾರ್ಟರ್, ತೂತಿರೋ ಸ್ಟೀಲ್ ಕೊಳವೆ, ಮೇಲೆ ಇದ್ದಿಲು ತುಂಬಿ ಕೆಳಗೆ ಎರಡು ಹಾಳೆ ಪೇಪರ್ ಮುದ್ದೆ ಮಾಡಿ ಕಡ್ಡಿ ಗೀರಿದ್ರೆ 15-20 ನಿಮಿಷಕ್ಕೆ ಮೇಲಿನ ಇದ್ದಿಲಿಗೂ ಬಿಳಿ ಬೂದಿ ಕಟ್ಟತ್ತೆ, ಆಗ ಸುರಿಯೋದು, ಅಷ್ಟೇ. ಸೀಮೆಎಣ್ಣೆಲಿ ಹಚ್ಚಿ ಅವಸರಕ್ಕೆ ಪೀಸ್ ಇಟ್ರೆ ಮಸಾಲೆಗಿಂತ ಮುಂಚೆ ಸೀಮೆಎಣ್ಣೆ ಮೂಗಿಗೆ ಹೊಡೆಯತ್ತೆ. ಫ್ಯಾನಿಗೆ ಕಿಡಿ ಹಾರೋದು ಇನ್ನೂ ಡೇಂಜರ್, ಫೆಬ್ರವರಿ ಮಾರ್ಚಲ್ಲಿ ಸಿಲ್ವರ್ ಓಕ್ ಎಲೆ ಒಣಗಿ ನೆಲ ಪೂರಾ ಹಪ್ಪಳದ ಥರ ಬಿದ್ದಿರತ್ತೆ. ಅದಕ್ಕೇ ತೋಟದೊಳಗೆ ಬೇಡ, ಕಾಫಿ ಒಣಗಿಸೋ ಕಣದ ಮಧ್ಯೆ ಇಡಿ, ಪಕ್ಕ ಒಂದು ಬಕೆಟ್ ನೀರು ಇರ್ಲಿ. ಪೆಟ್ರೋಲ್ ಹಾಕೋರ ಜೊತೆ ನಾನು ಊಟಕ್ಕೂ ಕೂರಲ್ಲ.

ಇದ್ದಿಲು ಎಲ್ಲಿ ಸಿಗತ್ತೆ ಅಂತ ಗೊತ್ತಾಗ್ದಿದ್ರೆ ಇಸ್ತ್ರಿ ಅಂಗಡಿಯವ್ರನ್ನ ಕೇಳಿ, ಅವ್ರಿಗೆ ಗೊತ್ತಿರತ್ತೆ. ಆ ಸೌದೆ ಇದ್ದಿಲು ಬೇಗ ಹತ್ತಿಕೊಳ್ಳತ್ತೆ, ಬೇಗ ಮುಗಿಯತ್ತೆ, ಮಧ್ಯ ಮಧ್ಯ ಚಟಪಟ ಅಂತ ಸಿಡಿಯತ್ತೆ. ತೆಂಗಿನ ಕರಟದ ಇದ್ದಿಲನ್ನ ಅಚ್ಚು ಹಾಕಿದ ಬ್ರಿಕೆಟ್ ಹತ್ತೋಕೆ ತಡ, ಆದ್ರೆ ಹೊಗೆ ಕಮ್ಮಿ, ಒಂದೇ ಸಮ ಕಾವು, ಟೆರೇಸ್ ಮೇಲೆ ಮಾಡೋರಿಗೆ ಅದೇ ಸರಿ, ಪಕ್ಕದ್ಮನೆಯವ್ರ ಜೊತೆ ಮಾತು ನಿಲ್ಲಲ್ಲ. ಹಸಿ ಕರಟ ಅಂದ್ರೆ ಸುಡದೇ ಇರೋ ಕರಟ ಹಾಕೋದು ಬೇರೆ ಮಾತು, ಅದರ ಹೊಗೆ ಕಣ್ಣು ಬಿಡೋಕೆ ಬಿಡಲ್ಲ. ತೋಟದಲ್ಲಿ ಹಳೇ ಕಾಫಿ ಗಿಡ ಕಿತ್ತಾಗ ಬರೋ ಬೊಡ್ಡೆ ಚೆನ್ನಾಗಿ ಒಣಗಿದ್ರೆ ಗಟ್ಟಿ ಕೆಂಡ ಕೊಡತ್ತೆ, ಸಿಲ್ವರ್ ಓಕ್ ಭುಗಿಲ್ ಅಂತ ಉರಿದು ಬೂದಿ ಆಗತ್ತೆ, ಹಚ್ಚೋಕೆ ಮಾತ್ರ ಚೆನ್ನ. ಯಾವ ಇದ್ದಿಲಾದ್ರೂ ಮಳೆಗಾಲದಲ್ಲಿ ಗೋಣಿಚೀಲದಲ್ಲಿ ಇಡ್ಬೇಡಿ, ತೇವ ಎಳ್ಕೊಳ್ಳತ್ತೆ, ಮುಚ್ಚಳದ ಡಬ್ಬದಲ್ಲಿಡಿ. ಹಾಂ, ಮಳೆ ಬಂತು ಅಂತ ಕೆಂಡ ಇರೋ ಗ್ರಿಲ್ಲನ್ನ ರೂಮೊಳಗೋ ಟೆಂಟೊಳಗೋ ಎಳ್ಕೊಂಡ್ರೆ ಪ್ರಾಣಕ್ಕೇ ಅಪಾಯ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆನೇ ಇಲ್ಲ.

ಸಣ್ಣ ಸಾಮಾನಿಗೆ ಬಂದ್ರೆ, ಬಾಕ್ಸಲ್ಲಿ ಸೆಟ್ ಅಂತ ಮಾರೋದು ತಗೋಬೇಡಿ, ಅದ್ರಲ್ಲಿ ಉಪಯೋಗಕ್ಕೆ ಬರೋದು ಇಕ್ಳ ಒಂದೇ, ಅದೂ ಗಿಡ್ಡ. ಮೊಣಕೈಯಿಂದ ಬೆರಳ ತುದಿವರ್ಗಿನ ಉದ್ದದ್ದು ಬಿಡಿಯಾಗಿ ತಗೊಳ್ಳಿ. ಪೀಸು ಪೋಣಿಸೋ ಕಡ್ಡಿಲಿ ದುಂಡಂದು ಬೇಡ, ತಿರುಗಿಸಿದ್ರೆ ಕಡ್ಡಿ ತಿರುಗತ್ತೆ ಪೀಸು ಅಲ್ಲೇ ಇರತ್ತೆ, ಚಪ್ಪಟೆ ಸ್ಟೀಲ್ ಕಡ್ಡಿ ಬೇಕು. ಬಿದಿರು ಕಡ್ಡಿ ಅಗ್ಗ, ಅರ್ಧ ಗಂಟೆ ನೀರಲ್ಲಿ ನೆನೆಸಿದ್ರೂ ತುದಿ ಸುಡೋದು ಪೂರ್ತಿ ತಪ್ಪಲ್ಲ. ಬಂಗುಡೆ ಸುಡೋರಿಗೆ ಮೀನನ್ನ ಮಧ್ಯೆ ಇಟ್ಟು ಮಡಚೋ ಎರಡು ಪದರದ ಹಿಡಿಕೆ ಜಾಲರಿ ಒಳ್ಳೇದು, ಮೀನು ಮಗುಚೋವಾಗ ಚೂರಾಗಲ್ಲ, ಇಲ್ದಿದ್ರೆ ಬಾಳೆ ಎಲೆಲಿ ಸುತ್ತಿ ಇಡಿ, ಖರ್ಚೇ ಇಲ್ಲ. ಎಣ್ಣೆ ಸವರೋಕೆ ಸಿಲಿಕಾನ್ ಬ್ರಷ್ಷಿಗಿಂತ ನಿಂಬೆಹುಲ್ಲಿನ ಬುಡ ಜಜ್ಜಿ ಮಾಡಿದ್ದೇ ನಂಗಿಷ್ಟ, ಘಮನೂ ಬರತ್ತೆ.

ಒಂದು ಥರ್ಮಾಮೀಟರ್ ಮಾತ್ರ ತಗೊಳ್ಳಲೇಬೇಕು, ಚುಚ್ಚಿದ ತಕ್ಷಣ ತೋರ್ಸೋ ಡಿಜಿಟಲ್ಲು. ಕೋಳಿ ದಪ್ಪ ಜಾಗದಲ್ಲಿ, ಮೂಳೆಗೆ ತಾಗದ ಹಾಗೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ಬಂದಿದ್ರೆ ಬೆಂದಿದೆ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ಪೀಸ್ ಸೀಳಿ "ಬೆಂದಿದ್ಯಾ ನೋಡಿ ಅಕ್ಕಾ" ಅಂತ ಕೇಳೋ ಕೆಲಸ ತಪ್ಪತ್ತೆ. ಜಾಲರಿ ಉಜ್ಜೋ ತಂತಿ ಬ್ರಷ್ ಬೇಡ, ತಂತಿ ಕೂದಲು ಮುರಿದು ಊಟಕ್ಕೆ ಸೇರತ್ತೆ, ಅದು ಗಂಟಲಲ್ಲಿ ಚುಚ್ಚಿ ಆಸ್ಪತ್ರೆ ಸೇರಿದೋರಿದಾರೆ. ಜಾಲರಿ ಬಿಸಿ ಇರೋವಾಗ್ಲೇ ಅರ್ಧ ಈರುಳ್ಳಿ ಫೋರ್ಕಿಗೆ ಚುಚ್ಚಿ ಉಜ್ಜಿದ್ರೆ ಚೆನ್ನಾಗಿ ಬಿಡತ್ತೆ.

ಕರೆಂಟ್ ಗ್ರಿಲ್ ಹೇಗೆ ಅಂತ ಕೇಳ್ಬೇಡಿ, ಟ್ರೈ ಮಾಡಿಲ್ಲ, ತೋಟದ ಕಡೆ ವೋಲ್ಟೇಜ್ ನೋಡಿದ್ರೆ ಮಾಡೋ ಯೋಚನೆನೂ ಇಲ್ಲ.